ಪಿಕಪ್ ಕುಣಿತ ನಿಲ್ಲಬೇಕೆಂದರೆ: ಸ್ಪ್ರಿಂಗ್‌ಗೆ ತಕ್ಕ ಶಾಕಪ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ದ್ರಾಕ್ಷಿ ಕಟಾವಿನ ದಿನಗಳಲ್ಲಿ ತಿಕೋಟಾ ಕಡೆಯ ತೋಟದಿಂದ ವಿಜಯಪುರಕ್ಕೆ ಕ್ರೇಟ್ ತುಂಬಿಕೊಂಡು ಬಂದು ಇಳಿಸುವಾಗ ನಾನು ಮೊದಲು ನೋಡುವುದು ಕ್ರೇಟಿನ ತಳವನ್ನು. ಗೊಂಚಲಿನಿಂದ ಕಳಚಿ ಬಿದ್ದ ಹಣ್ಣು ಎಷ್ಟಿದೆಯೋ ಅಷ್ಟು ದುಡ್ಡು ದಾರಿಯಲ್ಲೇ ಹೋಯಿತು ಎಂದು ಲೆಕ್ಕ. ಒಂದು ಹಂಗಾಮಿನಲ್ಲಿ ಹೀಗೆ ಉದುರುವುದು ವಿಪರೀತವಾಯಿತು. ಬಿಡಿಭಾಗದ ಅಂಗಡಿಯೊಂದರಲ್ಲಿ ಕೇಳಿದಾಗ, ‘ಮುಂದಿನ ಸ್ಪ್ರಿಂಗ್ ಹೆವಿ ಹಾಕಿಸಿಬಿಡ್ರಿ, ಎಲ್ಲಾ ಸರಿಹೋಗತದ’ ಎಂದರು. ಹಾಕಿಸಿದೆ. ಹಳೆಯ ಶಾಕಪ್ (ಶಾಕ್ ಅಬ್ಸಾರ್ಬರ್) ಹಾಗೆಯೇ ಉಳಿಯಿತು. ಗಾಡಿ ಎತ್ತರವಾಯಿತು, ನೋಡಲು ಚೆಂದವೂ ಆಯಿತು. ಆದರೆ ಸಣ್ಣ ತಗ್ಗಿಗೂ ಮೂತಿ ಎರಡು ಮೂರು ಸಲ ಏಳತೊಡಗಿತು, ಹಣ್ಣು ಮೊದಲಿಗಿಂತ ಹೆಚ್ಚು ಉದುರತೊಡಗಿತು.

ಕೊನೆಗೆ ನಮ್ಮ ಹಳೆಯ ಮಿಸ್ತ್ರಿಯ ಹತ್ತಿರ ಹೋದೆ. ‘ಅಲ್ರೀ ಕಾಕಾ, ಸ್ಪ್ರಿಂಗ್ ಹೊಸಾದು ಹಾಕ್ಸೀನಿ, ಆದ್ರೂ ಗಾಡಿ ಕುಣೀತದಲ್ರೀ’ ಎಂದೆ. ಅವರು ಗಾಡಿಯ ಕೆಳಗೆ ಬಗ್ಗಿ ಸಹ ನೋಡಲಿಲ್ಲ. ‘ತಮ್ಮಾ, ಮೊದ್ಲ ಕಾಟಾದ ಮ್ಯಾಲ ನಿಲ್ಲಿಸಿ ತೂಕ ಮಾಡ್ಸಿಕೊಂಡು ಬಾ. ಮುಂದಿನ ಗಾಲಿದು ಬ್ಯಾರೆ, ಹಿಂದಿನ ಗಾಲಿದು ಬ್ಯಾರೆ. ಆಮ್ಯಾಲ ಮಾತಾಡೂಣು’ ಎಂದರು. ಈ ಬರಹದ ತಿರುಳು ಆ ಮಾತೇ. ಮೊದಲು ತೂಕ, ತೂಕಕ್ಕೆ ತಕ್ಕ ಸ್ಪ್ರಿಂಗ್, ಆ ಸ್ಪ್ರಿಂಗ್‌ಗೆ ತಕ್ಕ ಶಾಕಪ್. ಈ ಸಾಲು ತಪ್ಪಿದರೆ ಎಷ್ಟು ದುಬಾರಿ ಸಾಮಾನು ಹಾಕಿದರೂ ಉಪಯೋಗವಿಲ್ಲ.

ಎರಡಕ್ಕೂ ಬೇರೆ ಬೇರೆ ಕೆಲಸ

ಶಾಕಪ್ ಗಾಡಿಯ ಭಾರ ಹೊರುತ್ತದೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಭಾರ ಹೊರುವುದು ಸ್ಪ್ರಿಂಗ್. ತಗ್ಗಿಗೆ ಗಾಲಿ ಬಿದ್ದಾಗ ಆ ಪೆಟ್ಟನ್ನು ನುಂಗಿ ತನ್ನೊಳಗೆ ಇಟ್ಟುಕೊಳ್ಳುವುದೂ ಸ್ಪ್ರಿಂಗೇ. ಆದರೆ ನುಂಗಿದ್ದನ್ನು ಅದು ತಿರುಗಿ ಕೊಟ್ಟೇ ಕೊಡುತ್ತದೆ. ಪಂಚಮಿಯ ಜೋಕಾಲಿಯನ್ನು ಒಮ್ಮೆ ಜೀಕಿ ಬಿಟ್ಟರೆ ತಾನೇ ಹತ್ತು ಸಲ ಆಡುವುದಿಲ್ಲವೇ, ಹಾಗೆ. ಜೋಕಾಲಿ ನಿಲ್ಲಿಸಲು ನೆಲಕ್ಕೆ ಕಾಲು ಉಜ್ಜುತ್ತೇವಲ್ಲ, ಶಾಕಪ್ ಮಾಡುವುದು ಆ ಕೆಲಸ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ತೂತುಗಳ ಮೂಲಕ ದೂಡುತ್ತದೆ. ಆ ಎಳೆದಾಟದಲ್ಲಿ ಸ್ಪ್ರಿಂಗಿನ ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ ಶಾಕಪ್ ಹತ್ತಿರ ಅಂಗೈ ಹಿಡಿದು ನೋಡಿ, ಕಾವು ತಿಳಿಯುತ್ತದೆ. ಮುಟ್ಟಬೇಡಿ, ಚರ್ಮ ಸುಡುವಷ್ಟು ಬಿಸಿ ಇರಬಹುದು.

ಗಾಡಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬುದು ಸ್ಪ್ರಿಂಗಿನ ಬಿಗಿ ಮತ್ತು ಅದರ ಮೇಲಿನ ತೂಕ ಎರಡರ ಲೆಕ್ಕ. ಸೆಕೆಂಡಿಗೆ 1ರಿಂದ 1.5 ಸಲ ಆಡಿದರೆ ಮೈಗೆ ಹಿತ. 2 ದಾಟಿದರೆ ಕುಲುಕಾಟ ಶುರು. ಶಾಕಪ್ ಆ ಆಟ ಎಷ್ಟು ಬೇಗ ಸತ್ತುಹೋಗಬೇಕು ಎಂಬುದನ್ನು ನಿರ್ಧರಿಸುತ್ತದೆ. ಸ್ಪ್ರಿಂಗ್ ಬಿಗಿಯಾದಷ್ಟೂ ಅದನ್ನು ಹಿಡಿಯುವ ಶಾಕಪ್ ಕೂಡ ಗಟ್ಟಿಯಾಗಬೇಕು. ನಾನು ಮಾಡಿದ ತಪ್ಪು ಅಲ್ಲೇ ಇತ್ತು. ಜೋಕಾಲಿಯನ್ನು ಜೋರಾಗಿ ಜೀಕಿ, ಕಾಲನ್ನು ಮೊದಲಿನಷ್ಟೇ ಮೆಲ್ಲಗೆ ಉಜ್ಜಿದ ಹಾಗಾಗಿತ್ತು.

ಈ ಬರಹ ಮುಖ್ಯವಾಗಿ ಮುಂದೆ ಕಾಯಿಲ್ (ಸುರುಳಿ) ಸ್ಪ್ರಿಂಗ್, ಹಿಂದೆ ಪಾಟಾ, ಅಂದರೆ ಪ್ಲೇಟು ಜೋಡಿಸಿದ ಲೀಫ್ ಸ್ಪ್ರಿಂಗ್ ಇರುವ ಪಿಕಪ್‌ಗಳಿಗೆ. ಇಸುಜು ಡಿ-ಮ್ಯಾಕ್ಸ್, ಟೊಯೋಟಾ ಹೈಲಕ್ಸ್ ಇದೇ ಬಗೆಯವು. ಇವುಗಳಲ್ಲಿ ಮುಂದಿನ ಶಾಕಪ್ ಕಾಯಿಲ್‌ನ ನಡುವೆಯೇ ಕೂತಿರುತ್ತದೆ. ನಾಲ್ಕೂ ಕಡೆ ಪಾಟಾ ಇರುವ ಗಾಡಿಯವರಿಗೆ ತೂಕ, ಶಾಕಪ್ ಆಯ್ಕೆ ಮತ್ತು ರಸ್ತೆ ಪರೀಕ್ಷೆಯ ಮಾತು ಹಾಗೆಯೇ ಅನ್ವಯಿಸುತ್ತದೆ.

ಹೆಜ್ಜೆ 1: ಕಾಟಾ ಮೇಲೆ ಮೂರು ಸಲ

ಕಬ್ಬಿನ ಸೀಮೆಯವರಾದ ನಮಗೆ ಗಾಡಿ ತೂಗುವ ಕಾಟಾ (ವೇಬ್ರಿಡ್ಜ್) ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಜಮಖಂಡಿ, ಮುಧೋಳ, ಅಥಣಿ ಕಡೆ ಹೋದರೆ ದಾರಿಯುದ್ದಕ್ಕೂ ಇವೆ. ಟ್ಯಾಂಕ್ ಅರ್ಧ ತುಂಬಿರಲಿ, ಡ್ರೈವರ್ ಕೂತಿರಲಿ. ಮೊದಲು ಇಡೀ ಗಾಡಿ ತೂಗಿ. ಆಮೇಲೆ ಮುಂದಿನ ಗಾಲಿ ಮಾತ್ರ ಹಲಗೆಯ ಮೇಲೆ ಇರುವಂತೆ ನಿಲ್ಲಿಸಿ ತೂಗಿ. ಕೊನೆಗೆ ಹಿಂದಿನ ಗಾಲಿ ಮಾತ್ರ. ಹಲಗೆಯೂ ಹೊರಗಿನ ನೆಲವೂ ಒಂದೇ ಮಟ್ಟದಲ್ಲಿರಬೇಕು, ಇಳಿಜಾರಿದ್ದರೆ ಲೆಕ್ಕ ತಪ್ಪುತ್ತದೆ. ಖಾಲಿ ಗಾಡಿಯಲ್ಲಿ ಒಮ್ಮೆ, ನೀವು ದಿನನಿತ್ಯ ಹೇರುವಷ್ಟು ಮಾಲು ಹಾಕಿ ಇನ್ನೊಮ್ಮೆ ಹೀಗೆ ಮಾಡಿ.

ಲೆಕ್ಕ ತಿಳಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಖಾಲಿ ಗಾಡಿಯಲ್ಲಿ ಮುಂದೆ 1,010 ಕೆ.ಜಿ., ಹಿಂದೆ 750 ಕೆ.ಜಿ. ಒಂದು ಟನ್ ಮಾಲು ಹೇರಿದ ಮೇಲೆ ಮುಂದೆ 1,040, ಹಿಂದೆ 1,720. ಮುಂದಿನದಕ್ಕೆ ಬಂದದ್ದು ಬರೀ 30 ಕೆ.ಜಿ.! ಮಾಲಿನ ಭಾರ ಹೆಚ್ಚುಕಡಿಮೆ ಎಲ್ಲ ಹಿಂದಿನ ಹೌಸಿಂಗ್ (ಆಕ್ಸಲ್) ಮೇಲೆ ಬೀಳುತ್ತದೆ. ಹಾಗಾದರೆ ‘ಮಾಲು ಹೇರುತ್ತೀನಿ, ಅದಕ್ಕೇ ಮುಂದೆ ಹೆವಿ ಸ್ಪ್ರಿಂಗ್ ಬೇಕು’ ಎಂಬ ಮಾತಿಗೆ ಆಧಾರವೇ ಇಲ್ಲ. ಮುಂದೆ ಕಬ್ಬಿಣದ ಗಾರ್ಡ್, ವಿಂಚ್, ಎರಡನೆಯ ಬ್ಯಾಟರಿ ಕೂರಿಸಿದ್ದರೆ ಮಾತು ಬೇರೆ. ಬಂಪರಿನ ಜಾಗ ಗಾಲಿಗಿಂತ ಮುಂದಿರುವುದರಿಂದ, ಅಲ್ಲಿಟ್ಟ 50 ಕೆ.ಜಿ. ಮುಂದಿನ ಗಾಲಿಗಳ ಮೇಲೆ 50ಕ್ಕಿಂತ ಹೆಚ್ಚಾಗಿಯೇ ಬೀಳುತ್ತದೆ, ಹಿಂದಿನಿಂದ ಸ್ವಲ್ಪ ಕಡಿಮೆ ಮಾಡುತ್ತದೆ.

ಇಲ್ಲೇ ಇನ್ನೊಂದು ಮಾತು. ಆರ್‌ಸಿ ಪುಸ್ತಕದಲ್ಲಿರುವ ಒಟ್ಟು ತೂಕದ ಮಿತಿ ಸ್ಪ್ರಿಂಗ್ ಬದಲಿಸಿದರೆ ಹೆಚ್ಚುವುದಿಲ್ಲ. ಚಾಸಿ, ಬ್ರೇಕ್, ಹೌಸಿಂಗ್, ಟೈರ್ ಅದೇ ಹಳೆಯದಲ್ಲವೇ? ಮಿತಿ ಮೀರಿ ಹೇರಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ತಯಾರಕರು ಕೊಟ್ಟ ರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಆದ್ದರಿಂದ ನಾನಿಲ್ಲಿ ಹೇಳುವುದು ಗಾಡಿಯ ಮೂಲ ಎತ್ತರವನ್ನು ಉಳಿಸಿಕೊಂಡು ಸವಾರಿ ಹಿತ ಮಾಡುವ ದಾರಿ. ಗಾಡಿ ಎತ್ತುವ ದಾರಿಯಲ್ಲ.

ಹೆಜ್ಜೆ 2: ತಪ್ಪು ಸ್ಪ್ರಿಂಗಿನದ್ದೇ ಹೌದೋ ಅಲ್ಲವೋ

ದುಡ್ಡು ಬಿಚ್ಚುವ ಮುಂಚೆ ಟೈರಿನ ಗಾಳಿ ನೋಡಿ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಖಾಲಿಗೆ ಒಂದು, ಲೋಡಿಗೆ ಒಂದು ಅಂಕಿ ಬರೆದಿರುತ್ತಾರೆ. ಲೋಡಿನ ಗಾಳಿ ಹಾಕಿ ಖಾಲಿ ಓಡಿಸಿದರೆ ಹಿಂದಿನ ತುದಿ ಒದೆಯುವುದು ಸಹಜ. ನನಗೆ ಗೊತ್ತಿರುವ ಮೂವರು ಇದನ್ನೊಂದು ಸರಿಮಾಡಿಕೊಂಡು ಸ್ಪ್ರಿಂಗ್ ವಿಚಾರವನ್ನೇ ಕೈಬಿಟ್ಟರು.

ಆಮೇಲೆ ಸಪಾಟು ನೆಲದಲ್ಲಿ ನಿಲ್ಲಿಸಿ, ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಮೂಲೆಯಲ್ಲಿ ಟೇಪು ಹಿಡಿದು ಬರೆದುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಸೇರಿಕೊಳ್ಳುತ್ತದೆ. ಎಡಬಲಕ್ಕೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಸ್ಪ್ರಿಂಗ್ ಕುಸಿದು ಕೂತಿದೆ ಅಥವಾ ಮುರಿದಿದೆ ಎಂಬ ಅನುಮಾನ ಬರಬೇಕು. ಕಾಯಿಲ್ ಹೆಚ್ಚಾಗಿ ಕೆಳಗಿನ ಕೊನೆಯ ಸುತ್ತಿನಲ್ಲಿ ಮುರಿಯುತ್ತದೆ. ಮಣ್ಣು ಮೆತ್ತಿಕೊಂಡಿದ್ದರೆ ಕಣ್ಣಿಗೆ ಬೀಳುವುದಿಲ್ಲ, ತೊಳೆದು ನೋಡಿ.

ಶಾಕಪ್ ಪರೀಕ್ಷೆಗೆ ಮೂಲೆಯನ್ನು ಒತ್ತಿ ಬಿಡುವ ಪದ್ಧತಿ ಎಲ್ಲರಿಗೂ ಗೊತ್ತು. ಮೇಲೆ ಬಂದು ನಿಂತರೆ ಸರಿ, ಎರಡನೆಯ ಸಲ ಆಡಿದರೆ ಹೋಗಿದೆ. ಆದರೆ ಪಿಕಪ್‌ನಂಥ ಬಿಗಿ ಗಾಡಿಯಲ್ಲಿ ಕೈಯಿಂದ ಒತ್ತಿ ಇದನ್ನು ಖಚಿತ ಮಾಡಿಕೊಳ್ಳುವುದು ಕಷ್ಟ. ಅದಕ್ಕಿಂತ ಟೈರ್ ಹೆಚ್ಚು ಹೇಳುತ್ತದೆ. ಟೈರಿನ ಮೇಲೆ ಅಂಗೈ ಸವರಿದಾಗ ಅಲ್ಲಲ್ಲಿ ಗುಳಿ ಬಿದ್ದಂತೆ ಅಲೆ ಅಲೆಯಾಗಿ ಸವೆದಿದ್ದರೆ, ಗಾಲಿ ನೆಲ ಬಿಟ್ಟು ಕುಣಿದಿದೆ ಎಂದು ಅರ್ಥ. ಶಾಕಪ್ ಮೈಮೇಲೆ ತೆಳ್ಳಗೆ ಜಿಡ್ಡು ಕಂಡರೆ ಹೆದರಬೇಡಿ, ರಾಡ್ ಆಡುವಾಗ ಸೀಲು ಅಷ್ಟು ಬಿಡುತ್ತದೆ. ಎಣ್ಣೆ ಇಳಿದು ಕೆಳಗಿನವರೆಗೆ ಗೆರೆ ಬಿದ್ದಿದ್ದರೆ ಆಯಸ್ಸು ಮುಗಿದಿದೆ. ಹಾಗೆಯೇ ಗಾಲಿಯನ್ನು ಚಾಸಿಗೆ ಜೋಡಿಸುವ ಆರ್ಮ್‌ನ ಬುಶ್ (ರಬ್ಬರ್ ಕೀಲು), ಬಾಲ್ ಜಾಯಿಂಟ್, ಗಾಲಿ ಪೂರ್ತಿ ಎದ್ದಾಗ ತಡೆಯುವ ಬಂಪ್ ಸ್ಟಾಪ್ ರಬ್ಬರ್ ನೋಡಿ. ‘ಟಕ್ ಟಕ್’ ಸದ್ದು ಬಹಳ ಸಲ ಬುಶ್‌ನದ್ದು, ಪಾಪದ ಶಾಕಪ್‌ನದ್ದಲ್ಲ.

ಹೆಜ್ಜೆ 3: ಸ್ಪ್ರಿಂಗ್ ಆರಿಸುವುದು

ನಿಧಾನವಾಗಿ ಓದಬೇಕಾದ ಭಾಗ ಇದು, ಏಕೆಂದರೆ ಅಂಗಡಿಯಲ್ಲಿ ಗೊಂದಲ ಹುಟ್ಟುವುದೇ ಇಲ್ಲಿ.

ಎತ್ತರ ಬೇರೆ, ಬಿಗಿ ಬೇರೆ. ಉದ್ದದ ಸ್ಪ್ರಿಂಗ್ ಗಾಡಿಯನ್ನು ಎತ್ತುತ್ತದೆ, ಆದರೆ ಅದು ಮೆತ್ತಗೂ ಇರಬಹುದು. ಗಿಡ್ಡ ಸ್ಪ್ರಿಂಗ್ ಬಿಗಿಯಾಗಿರಬಹುದು. ‘ಹೆವಿ’ ಎಂಬ ಒಂದೇ ಮಾತಿನಲ್ಲಿ ಅಂಗಡಿಯವರು ಎರಡನ್ನೂ ಬೆರೆಸಿಬಿಡುತ್ತಾರೆ. ನೀವು ಕೇಳಬೇಕಾದದ್ದು ಸ್ಪ್ರಿಂಗ್ ರೇಟ್. ಅಂದರೆ ಅದನ್ನು ಒಂದು ಮಿ.ಮೀ. ಒತ್ತಲು ಎಷ್ಟು ಬಲ ಬೇಕು ಎಂಬ ಅಂಕಿ. ಹೇಳಲು ಬಾರದಿದ್ದರೆ ನಾವೇ ಲೆಕ್ಕ ಹಾಕಬಹುದು. ಅದಕ್ಕೆ ವರ್ನಿಯರ್ ಕ್ಯಾಲಿಪರ್ ಒಂದಿದ್ದರೆ ಸಾಕು.

ತಂತಿಯ ದಪ್ಪ ಅಳೆಯಿರಿ. ಸ್ಪ್ರಿಂಗಿನ ಹೊರ ವ್ಯಾಸದಿಂದ ಆ ದಪ್ಪವನ್ನು ಕಳೆದರೆ ಸರಾಸರಿ ವ್ಯಾಸ. ಕೂತುಕೊಳ್ಳುವ ಮೇಲಿನ ಕೆಳಗಿನ ಸುತ್ತು ಬಿಟ್ಟು, ನಿಜವಾಗಿ ಆಡುವ ಸುತ್ತುಗಳನ್ನು ಎಣಿಸಿ. ಈಗ ತಂತಿಯ ದಪ್ಪವನ್ನು ನಾಲ್ಕು ಸಲ ಬರೆದು ಗುಣಿಸಿಕೊಂಡು (ದಪ್ಪ × ದಪ್ಪ × ದಪ್ಪ × ದಪ್ಪ) 79,000ದಿಂದ ಗುಣಿಸಿ. ಇದು ಉಕ್ಕಿನ ಗುಣಕ್ಕೆ ಸಂಬಂಧಿಸಿದ ಅಂಕಿ. ಬಂದದ್ದನ್ನು, ಸರಾಸರಿ ವ್ಯಾಸದ ಘನ, ಸುತ್ತುಗಳ ಸಂಖ್ಯೆ ಮತ್ತು 8 ಈ ಮೂರರ ಗುಣಲಬ್ಧದಿಂದ ಭಾಗಿಸಿ. ತಂತಿ 16 ಮಿ.ಮೀ., ಹೊರ ವ್ಯಾಸ 126, ಸರಾಸರಿ 110, ಆಡುವ ಸುತ್ತು 6 ಎಂದಿಟ್ಟುಕೊಳ್ಳಿ. ಉತ್ತರ ಮಿ.ಮೀ.ಗೆ ಸುಮಾರು 81 ನ್ಯೂಟನ್. ನಮ್ಮ ಮಾತಿನಲ್ಲಿ, ಒಂದು ಮಿ.ಮೀ. ಒತ್ತಲು ಎಂಟೂ ಕಾಲು ಕೆ.ಜಿ. ಭಾರ.

ಸೂತ್ರದಲ್ಲಿ ದಪ್ಪ ನಾಲ್ಕು ಸಲ ಗುಣವಾಗುವುದನ್ನು ಮರೆಯಬೇಡಿ. ಅದೇ ಸ್ಪ್ರಿಂಗ್ 17 ಮಿ.ಮೀ. ತಂತಿಯದಾಗಿ, ಸರಾಸರಿ ವ್ಯಾಸವೂ ಸುತ್ತೂ ಹಾಗೆಯೇ ಇದ್ದರೆ, ಬಿಗಿ ಶೇ. 27ರಷ್ಟು ಏರುತ್ತದೆ. ಒಂದೇ ಒಂದು ಮಿ.ಮೀ.! ಕಣ್ಣಿಗೆ ಗೊತ್ತೇ ಆಗದ ವ್ಯತ್ಯಾಸ, ಆದರೆ ಸೊಂಟಕ್ಕೆ ಗೊತ್ತಾಗುತ್ತದೆ. ಗಾಡಿ ತಗ್ಗಿಸಲು ಸುತ್ತು ಕತ್ತರಿಸುವವರೂ ಇದನ್ನು ಗಮನಿಸಬೇಕು. ಎಂಟು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಶೇ. 14ರಷ್ಟು ಬಿಗಿ ಹೆಚ್ಚುತ್ತದೆ, ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಗ್ಯಾಸ್ ಕಟರ್‌ನಿಂದ ಕಾಯಿಸಿದರಂತೂ ಉಕ್ಕಿಗೆ ಕೊಟ್ಟ ಹದವೇ ಹೋಗುತ್ತದೆ. ಅಂಥ ಸ್ಪ್ರಿಂಗನ್ನು ಯಾವ ಗಾಡಿಗೂ ಹಾಕಬೇಡಿ.

ಇನ್ನು ಮುಂದಿನ ಕಾಯಿಲ್ ನೇರವಾಗಿ ಗಾಲಿಯ ಮೇಲೆ ಕೂತಿರುವುದಿಲ್ಲ, ಕೆಳಗಿನ ಆರ್ಮ್‌ನ ನಡುವೆಲ್ಲೋ ಕೂತಿರುತ್ತದೆ. ಗಾಲಿ 10 ಮಿ.ಮೀ. ಎದ್ದಾಗ ಸ್ಪ್ರಿಂಗ್ 6 ಮಿ.ಮೀ. ಒತ್ತಿಕೊಂಡರೆ ಅನುಪಾತ 0.6. ಗಾಲಿಯ ಲೆಕ್ಕದಲ್ಲಿ ಸ್ಪ್ರಿಂಗಿನ ಬಿಗಿ ಈ ಅನುಪಾತದ ವರ್ಗದಷ್ಟು, ಅಂದರೆ 0.36 ಪಾಲು ಮಾತ್ರ. 81 ನ್ಯೂಟನ್ ಸ್ಪ್ರಿಂಗ್ ಗಾಲಿಗೆ 29 ನ್ಯೂಟನ್ನಾಗಿ ತೋರುತ್ತದೆ. ಉದಾಹರಣೆಯ ಗಾಡಿಯಲ್ಲಿ ಮುಂದಿನ ಒಂದು ಬದಿಗೆ 505 ಕೆ.ಜಿ., ಅದರಲ್ಲಿ ಗಾಲಿ, ಬ್ರೇಕ್ ಮುಂತಾದ ಸ್ಪ್ರಿಂಗಿನ ಕೆಳಗಿನ ಭಾರ 60 ಕೆ.ಜಿ. ಕಳೆದರೆ 445. ಈ ಜೋಡಿ ಸೆಕೆಂಡಿಗೆ ಸುಮಾರು 1.3 ಸಲ ಆಡುತ್ತದೆ. ಹಿತವಾದ ಅಂಕಿ. ದಪ್ಪ ತಂತಿಯ ಸ್ಪ್ರಿಂಗ್ ಹಾಕಿದರೆ 1.46ಕ್ಕೆ ಏರುತ್ತದೆ. ಮುಂದೆ ಗಾರ್ಡ್ ಹಾಕಿ ಒಂದೊಂದು ಬದಿಗೆ 30 ಕೆ.ಜಿ. ಬಂತು ಅನ್ನಿ, ಮೊದಲಿನ ಹಿತವನ್ನೇ ಉಳಿಸಿಕೊಳ್ಳಲು ಶೇ. 7ರಷ್ಟು ಬಿಗಿ ಹೆಚ್ಚಿದರೆ ಸಾಕು. ಶೇ. 27 ಏಕೆ ಬೇಕು?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮುಂದೆ ಹೆಚ್ಚುವರಿ ಭಾರ ಇಲ್ಲದ ಗಾಡಿಗೆ ಕಂಪನಿಯ ಮೂಲ ರೇಟಿನ ಹೊಸ ಸ್ಪ್ರಿಂಗೇ ಸರಿ. ಇರುವ ಭಾರಕ್ಕಿಂತ ಒಂದು ಮೆಟ್ಟಿಲು ಮೇಲೆ ತೆಗೆದುಕೊಳ್ಳುವ ನಮ್ಮ ಅಭ್ಯಾಸ ಸವಾರಿಯನ್ನು ಹಾಳುಮಾಡುತ್ತದೆ. ಸುತ್ತುಗಳ ಅಂತರ ಒಂದೇ ಸಮ ಇರುವ ಸ್ಪ್ರಿಂಗ್ ಕೊನೆಯವರೆಗೂ ಒಂದೇ ಬಿಗಿ ಕೊಡುತ್ತದೆ. ಒಂದು ಕಡೆ ಹತ್ತಿರ, ಇನ್ನೊಂದು ಕಡೆ ದೂರ ಸುತ್ತಿರುವುದು ಮೊದಲು ಮೆತ್ತಗೆ, ಒತ್ತಿದಂತೆಲ್ಲ ಬಿಗಿಯಾಗುತ್ತದೆ. ಎರಡನೆಯದು ಕೇಳಲು ಚೆಂದ, ಆದರೆ ಬಿಗಿ ಬದಲಾಗುತ್ತ ಹೋಗುವುದರಿಂದ ಅದಕ್ಕೆ ಶಾಕಪ್ ಹೊಂದಿಸುವುದು ಕಷ್ಟ. ಮುಂದಿನ ಭಾರ ಹೆಚ್ಚು ಬದಲಾಗದ ಪಿಕಪ್‌ಗೆ ಮೊದಲನೆಯದೇ ಸಾಕು. ಯಾವುದೇ ಆದರೂ ಜೋಡಿಯಾಗಿಯೇ ಬದಲಿಸಿ. ಕೆಲವು ಗಾಡಿಗಳಿಗೆ ಎಡಕ್ಕೂ ಬಲಕ್ಕೂ ಬೇರೆ ನಂಬರ್ ಇರುತ್ತದೆ, ಬಣ್ಣದ ಗುರುತು ನೋಡಿಕೊಳ್ಳಿ.

ಹೆಜ್ಜೆ 4: ಆ ಸ್ಪ್ರಿಂಗ್‌ಗೆ ತಕ್ಕ ಶಾಕಪ್

ಸ್ಪ್ರಿಂಗ್ ಎಷ್ಟು ಬಿಗಿಯಾಯಿತೋ ಅದರ ವರ್ಗಮೂಲದಷ್ಟು ಶಾಕಪ್‌ನ ಹಿಡಿತ, ಅಂದರೆ ಆಟವನ್ನು ತಡೆಯುವ ಬಲ, ಹೆಚ್ಚಬೇಕು. ಶೇ. 27 ಬಿಗಿ ಏರಿದರೆ ಶೇ. 13 ಹಿಡಿತ. ಹೊಸ ಶಾಕಪ್‌ಗೇ ಇಷ್ಟು ಸಾಲದೆ ಬರುವಾಗ, ನಾನು ಉಳಿಸಿಕೊಂಡಿದ್ದ ಸವೆದ ಶಾಕಪ್ ಏನು ಮಾಡೀತು? ಆದ್ದರಿಂದ ಅಂಗಡಿಯಲ್ಲಿ ಹೀಗೆ ಕೇಳಿ: ‘ಈ ಶಾಕಪ್ ಒರಿಜಿನಲ್ ಸ್ಪ್ರಿಂಗ್‌ಗೋ, ಮೀಡಿಯಮ್‌ಗೋ, ಹೆವಿಗೋ?’ ಒಳ್ಳೆಯ ತಯಾರಕರ ಪಟ್ಟಿಯಲ್ಲಿ ಇದು ಬರೆದಿರುತ್ತದೆ. ಗೇಬ್ರಿಯಲ್, ಮನ್ರೋ, ಕೆವೈಬಿ, ಬಿಲ್‌ಸ್ಟೀನ್, ಓಲ್ಡ್ ಮ್ಯಾನ್ ಎಮು, ಯಾವುದನ್ನೇ ನೋಡಿದರೂ ಹೆಸರಿಗಿಂತ ಈ ಉತ್ತರ ಮುಖ್ಯ. ಸ್ಪ್ರಿಂಗ್ ಮತ್ತು ಶಾಕಪ್ ಒಂದೇ ತಯಾರಕರ ಜೋಡಿಯಾಗಿ ಸಿಕ್ಕರೆ ತಲೆನೋವು ಕಡಿಮೆ.

ಶಾಕಪ್‌ಗೆ ಎರಡು ಹಿಡಿತ. ಒತ್ತುವಾಗ ಒಂದು, ಬಿಚ್ಚಿಕೊಳ್ಳುವಾಗ ಒಂದು. ಬಿಚ್ಚುವ ಹಿಡಿತ ಸಾಮಾನ್ಯವಾಗಿ ಒತ್ತುವುದರ ಎರಡು ಮೂರು ಪಟ್ಟು ಇರುತ್ತದೆ. ಏಕೆಂದರೆ ಒತ್ತಿಕೊಂಡ ಸ್ಪ್ರಿಂಗ್ ಗಾಡಿಯ ಮೈಯನ್ನು ಮೇಲೆ ಎಸೆಯುವಾಗ ಹಿಡಿಯಬೇಕಾದದ್ದು ಆಗಲೇ. ನಮ್ಮ ನೆಲಕ್ಕೆ ಇದು ಬಹಳ ಮುಖ್ಯ. ವಿಜಯಪುರ, ಬಾಗಲಕೋಟೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಅದರ ಮೇಲಿನ ಡಾಂಬರು ತಗ್ಗು ಬೀಳದಿದ್ದರೂ ಉದ್ದುದ್ದ ಅಲೆಯಾಗಿಬಿಡುತ್ತದೆ. ಹೊಸದಾಗಿ ಕಾಣುವ ರಸ್ತೆಯಲ್ಲೂ 60ರ ವೇಗದಲ್ಲಿ ಗಾಡಿ ದೋಣಿಯಂತೆ ತೇಲುವುದು ಇದರಿಂದಲೇ. ಈ ತೇಲಾಟಕ್ಕೆ ಮದ್ದು ಬಿಚ್ಚುವ ಹಿಡಿತ. ಖಾನಾಪುರ ಕಡೆಯ ಹೆಚ್ಚು ಮಳೆಯ ರಸ್ತೆಯ ಚೂಪು ತಗ್ಗುಗಳಿಗೆ ಬೇಕಾದದ್ದು ಬೇರೆ, ಅಲ್ಲಿ ಒತ್ತುವ ಹಿಡಿತ ಮೆತ್ತಗಿರಬೇಕು. ನೀವು ಹೆಚ್ಚು ಓಡಿಸುವ ದಾರಿ ಯಾವುದೆಂದು ಮೊದಲೇ ಯೋಚಿಸಿ.

ಬಗೆಗಳ ವಿಚಾರಕ್ಕೆ ಬಂದರೆ, ಬರೀ ಎಣ್ಣೆಯ ಜೋಡಿಕೊಳವೆ ಶಾಕಪ್ ಅಗ್ಗ, ಆದರೆ ಸತತ ಕುಲುಕಾಟದಲ್ಲಿ ಎಣ್ಣೆ ನೊರೆಯಾಗಿ ಹಿಡಿತ ಬಿಡುತ್ತದೆ. ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದ ಜೋಡಿಕೊಳವೆಯಲ್ಲಿ ನೊರೆ ಕಡಿಮೆ. ಮಾಲು ಸಾಗಿಸುವ ಪಿಕಪ್‌ಗೆ ನಾನು ಹೇಳುವುದು ಇದನ್ನೇ. ಒಂದೇ ಕೊಳವೆಯ, ಹೆಚ್ಚು ಒತ್ತಡದ ಗ್ಯಾಸ್ ಶಾಕಪ್ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ, ಏಪ್ರಿಲ್-ಮೇ ತಿಂಗಳ 40 ಡಿಗ್ರಿಯಲ್ಲೂ ಹಿಡಿತ ಬಿಡುವುದು ಕಡಿಮೆ. ಆದರೆ ಕಲ್ಲು ಸಿಡಿದು ಕೊಳವೆಗೆ ತಗ್ಗು ಬಿದ್ದರೆ ಒಳಗಿನ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬೆಲೆಯೂ ಜಾಸ್ತಿ.

ಉದ್ದ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಗಾಲಿ ಪೂರ್ತಿ ಮೇಲೆ ಎದ್ದಾಗ ಮೊದಲು ಬಂಪ್ ಸ್ಟಾಪ್ ರಬ್ಬರ್ ತಾಗಬೇಕು, ಆಗಲೂ ಶಾಕಪ್ ಒಳಗೆ ಕನಿಷ್ಠ ಒಂದು ಸೆಂ.ಮೀ. ಜಾಗ ಉಳಿದಿರಬೇಕು. ಇಲ್ಲದಿದ್ದರೆ ಪೆಟ್ಟೆಲ್ಲ ಶಾಕಪ್‌ನ ತಳಕ್ಕೆ ಬಿದ್ದು ಒಳಗಿನ ವಾಲ್ವ್ ಒಡೆಯುತ್ತದೆ.

ಹೆಜ್ಜೆ 5: ಹಿಂದಿನ ಪಾಟಾ ಬಿಡಬೇಡಿ

ಮುಂದಿನದನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಖಾಲಿ ಪಿಕಪ್‌ನ ಒದೆತ ಹಿಂದಿನಿಂದ ಬರುತ್ತದೆ. ಉದಾಹರಣೆಯ ಗಾಡಿಯಲ್ಲಿ, ಗಾಲಿ ಮತ್ತು ಹೌಸಿಂಗಿನ ಸ್ವಂತ ಭಾರ ಕಳೆದರೆ, ಪಾಟಾದ ಮೇಲಿನ ಭಾರ ಖಾಲಿಗೂ ಲೋಡಿಗೂ ಸುಮಾರು 2.6 ಪಟ್ಟು ಬದಲಾಗುತ್ತದೆ. ಪಾಟಾದ ಬಿಗಿ ಒಂದೇ ಇದ್ದರೆ, ಲೋಡಿನಲ್ಲಿ ಸೆಕೆಂಡಿಗೆ 1.5 ಸಲ ಆಡುವ ಗಾಡಿ ಖಾಲಿಯಲ್ಲಿ 2.4 ಸಲ ಆಡುತ್ತದೆ. ಕೆಳಗಿನ ದಪ್ಪ ಹೆಲ್ಪರ್ ಪ್ಲೇಟು ಲೋಡ್ ಬಿದ್ದಾಗ ಮಾತ್ರ ತಾಗುವಂತೆ ಇಟ್ಟಿರುವುದು ಈ ಅಂತರವನ್ನು ತಗ್ಗಿಸಲಿಕ್ಕೆ. ಖಾಲಿಯಲ್ಲೇ ಅದು ತಾಗುತ್ತಿದ್ದರೆ ಮುಖ್ಯ ಪಾಟಾ ಕೂತಿದೆ ಎಂದು ತಿಳಿಯಿರಿ. ಎಕ್ಸ್‌ಟ್ರಾ ಪ್ಲೇಟು ಸೇರಿಸಿದ್ದರೆ, ನಿಜವಾಗಿ ಬೇಕೇ ಎಂದು ಕಾಟಾ ಚೀಟಿ ನೋಡಿ ತೀರ್ಮಾನಿಸಿ.

ಪ್ಲೇಟುಗಳ ನಡುವೆ ತುಕ್ಕು, ಮಣ್ಣು ಸೇರಿದರೆ ಅವು ಒಂದರ ಮೇಲೊಂದು ಜಾರುವುದಿಲ್ಲ, ಸಣ್ಣ ಪೆಟ್ಟಿಗೆ ಇಡೀ ಪಾಟಾ ಮರದ ತುಂಡಿನಂತೆ ನಡೆದುಕೊಳ್ಳುತ್ತದೆ. ಬಿಚ್ಚಿಸಿ ತಿಕ್ಕಿಸಿ, ತುದಿಯ ಪ್ಯಾಡ್ ಸವೆದಿದ್ದರೆ ಹೊಸದು ಹಾಕಿಸಿ, ಶ್ಯಾಕಲ್ ಬುಶ್ ಬದಲಿಸಿ. ಇಷ್ಟು ಮಾಡಿದ ಮೇಲೆ ಹಿಂದಿನ ಶಾಕಪ್ ಆರಿಸಿ. ನಿಮ್ಮ ಗಾಡಿ ಹೆಚ್ಚು ಕಾಲ ಯಾವ ತೂಕದಲ್ಲಿ ಓಡುತ್ತದೋ ಆ ತೂಕಕ್ಕೆ ತಕ್ಕದ್ದು ಇರಲಿ. ವರ್ಷಕ್ಕೆ ಎರಡು ತಿಂಗಳ ಪೂರ್ತಿ ಲೋಡಿಗಾಗಿ ಹತ್ತು ತಿಂಗಳು ಒದೆಸಿಕೊಳ್ಳಬೇಡಿ.

ಮುಂದಿನದಕ್ಕಿಂತ ಹಿಂದಿನದು ಸ್ವಲ್ಪ ಚುರುಕಾಗಿ ಆಡಬೇಕು ಎಂಬ ನಿಯಮವೊಂದಿದೆ. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರ್ ಇದನ್ನು ಗಟ್ಟಿ ಮಾಡಿದರು. ಒಂದೇ ದಿಬ್ಬಕ್ಕೆ ಹಿಂದಿನ ಗಾಲಿ ತಡವಾಗಿ ಹತ್ತುತ್ತದೆ. ಮುಂದಿನ ಹಿಂದಿನ ಗಾಲಿಗಳ ಅಂತರ ಮೂರು ಮೀಟರ್ ಇದ್ದರೆ, 60 ಕಿ.ಮೀ. ವೇಗದಲ್ಲಿ ಸುಮಾರು 0.18 ಸೆಕೆಂಡ್ ತಡ. ಹಿಂದಿನದು ಚುರುಕಾಗಿದ್ದರೆ ಬೇಗ ಮುಂದಿನದರ ಹೆಜ್ಜೆಗೆ ಬಂದು ಸೇರುತ್ತದೆ, ಗಾಡಿ ಮೂತಿ-ಬಾಲ ಎತ್ತದೆ ಸಮನಾಗಿ ಏರಿಳಿಯುತ್ತದೆ. ಮುಂದೆ ಅತಿ ಬಿಗಿ ಮಾಡಿದರೆ ಈ ಹೊಂದಿಕೆ ಕೆಡುತ್ತದೆ.

ಹೆಜ್ಜೆ 6: ಬಿಚ್ಚಿ ಕೂರಿಸುವುದು

ಉದಾಹರಣೆಯ ಗಾಡಿಯಲ್ಲಿ ನಿಂತ ಎತ್ತರದಲ್ಲಿ ಒಂದು ಕಾಯಿಲ್ ಹಿಡಿದಿಟ್ಟುಕೊಂಡಿರುವ ಒತ್ತಡ ಸುಮಾರು 740 ಕೆ.ಜಿ. ಗಾಡಿಯಿಂದ ಹೊರಗೆ ತೆಗೆದ ಮೇಲೂ ಅದು ಪೂರ್ತಿ ಬಿಚ್ಚಿಕೊಂಡಿರುವುದಿಲ್ಲ. ಶಾಕಪ್‌ನ ನಡುವಿನ ನಟ್ಟನ್ನು, ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಬಿಚ್ಚಿದರೆ ಜೀವಕ್ಕೇ ಅಪಾಯ. ಹಗ್ಗ, ತಂತಿ ಬಿಗಿದು ಬಿಚ್ಚುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಲೂ ಬೇಡಿ. ಒಳ್ಳೆಯ ಕಂಪ್ರೆಸರ್ ಇಲ್ಲದಿದ್ದರೆ ಈ ಒಂದು ಕೆಲಸಕ್ಕೆ ಅದು ಇರುವ ಗ್ಯಾರೇಜಿಗೆ ಕೊಂಡೊಯ್ಯಿರಿ.

ಗಾಡಿಯನ್ನು ಜಾಕ್ ಮೇಲಲ್ಲ, ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಡಿ. ಬ್ರೇಕ್ ಪೈಪಿಗೆ ಭಾರ ಜೋತುಬೀಳದಂತೆ ಕೆಳಗಿನ ಆರ್ಮ್‌ಗೆ ಆಸರೆ ಇರಲಿ. ಬಿಚ್ಚುವ ಮೊದಲು ಮೇಲಿನ ಮೌಂಟ್, ಸ್ಪ್ರಿಂಗ್, ಶಾಕಪ್ ಮೂರಕ್ಕೂ ಒಂದೇ ಸಾಲಿನಲ್ಲಿ ಬಣ್ಣದ ಗೆರೆ ಎಳೆದುಕೊಳ್ಳಿ. ಕೂರಿಸುವಾಗ ಕಾಯಿಲ್‌ನ ತುದಿ ಸೀಟಿನ ಮೆಟ್ಟಿಲಿಗೆ ಸರಿಯಾಗಿ ತಾಗಿರಬೇಕು. ಮೇಲಿನ ರಬ್ಬರ್, ಬಂಪ್ ಸ್ಟಾಪ್, ಧೂಳಿನ ಕವರ್ ಹೊಸದೇ ಹಾಕಿ. ಹೊಸ ಜೋಡಿಕೊಳವೆ ಶಾಕಪ್ ಅಂಗಡಿಯಲ್ಲಿ ಅಡ್ಡ ಮಲಗಿದ್ದರಿಂದ ಗಾಳಿ ಒಳಗಿನ ಕೊಳವೆಗೆ ಹೋಗಿರುತ್ತದೆ. ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಿರಿ. ನಡುವೆ ಎಲ್ಲೂ ಸಡಿಲ ಸಿಗಬಾರದು.

ಈಗ ನಮ್ಮ ಮಿಸ್ತ್ರಿಗಳಲ್ಲಿ ಬಹಳ ಜನ ತಪ್ಪುವ ಜಾಗ. ಆರ್ಮ್ ಮತ್ತು ಶಾಕಪ್ ಬುಶ್‌ನ ಬೋಲ್ಟುಗಳನ್ನು ಗಾಲಿ ಜೋತಾಡುತ್ತಿರುವಾಗಲೇ ಪಾನಾ ಹಾಕಿ ಪೂರ್ತಿ ಬಿಗಿಯಬೇಡಿ. ಹಾಗೆ ಮಾಡಿದರೆ ಗಾಡಿ ಇಳಿಸಿದ ಕೂಡಲೇ ಒಳಗಿನ ರಬ್ಬರ್ ತಿರುಚಿಕೊಂಡು ಅದೇ ಎಳೆತದಲ್ಲಿ ಉಳಿಯುತ್ತದೆ. ಸವಾರಿ ಬಿರುಸಾಗುತ್ತದೆ, ಕೆಲವೇ ತಿಂಗಳಲ್ಲಿ ಬುಶ್ ಹರಿಯುತ್ತದೆ. ಸಡಿಲವಾಗಿ ಬಿಗಿದು, ಗಾಲಿ ಹಾಕಿ ನೆಲಕ್ಕಿಳಿಸಿ, ಸ್ವಲ್ಪ ಮುಂದೆ ಹಿಂದೆ ಓಡಿಸಿ, ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಮ್ಯಾನುಯಲ್‌ನ ಅಂಕಿಯಂತೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ನೈಲಾನ್ ನಟ್ಟುಗಳನ್ನು ಮತ್ತೆ ಬಳಸಬೇಡಿ.

ಹೆಜ್ಜೆ 7: ಕೂರಿಸಿದ ಮೇಲೆ

ವೀಲ್ ಅಲೈನ್‌ಮೆಂಟ್ ಬಿಡುವಂತಿಲ್ಲ. ಮುಂದಿನ ಎತ್ತರ ಒಂದು ಸೆಂ.ಮೀ. ಬದಲಾದರೂ ಗಾಲಿಯ ಓರೆ ಬದಲಾಗುತ್ತದೆ. ಹೆಡ್‌ಲೈಟ್ ಕೋನ ಸರಿಮಾಡಿಸಿ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಹೌಸಿಂಗ್‌ನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಇರುತ್ತದೆ. ಗಾಡಿಯ ಎತ್ತರ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ತೀರ್ಮಾನಿಸುವ ವಾಲ್ವ್ ಅದು. ಹೊಸ ಪಾಟಾದಿಂದ ಹಿಂದುಗಡೆ ಎದ್ದಿದ್ದರೆ, ಮಾಲು ತುಂಬಿದ್ದರೂ ಖಾಲಿ ಇದೆ ಎಂದು ಅದು ತಪ್ಪು ತಿಳಿದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಆ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸದೆ ಲೋಡ್ ಹೇರಬೇಡಿ.

ಹೆಜ್ಜೆ 8: ಒಂದೇ ದಾರಿಯಲ್ಲಿ ಎರಡು ಓಟ

ಹಳೆಯ ಸಾಮಾನು ಬಿಚ್ಚುವ ಮುಂಚೆಯೇ ಐದಾರು ಕಿ.ಮೀ. ದಾರಿಯೊಂದನ್ನು ಗೊತ್ತುಮಾಡಿಕೊಂಡು ಓಡಿಸಿ ನೋಡಿರಬೇಕು. ನನ್ನದು ಊರ ರಸ್ತೆಯ ಎರಡು ಹಂಪ್, ಒಂದು ಹಳ್ಳದ ಸೇತುವೆಯ ಅಂಚು, ಆಮೇಲೆ ಅಥಣಿ ರಸ್ತೆಯ ಅಲೆಗಳು. ಅದೇ ದಾರಿ, ಅದೇ ವೇಗ, ಒಮ್ಮೆ ಖಾಲಿ, ಒಮ್ಮೆ ಲೋಡ್.

ಹಂಪ್ ಇಳಿದ ಮೇಲೆ ಮೂತಿ ಒಮ್ಮೆ ಎದ್ದು ನಿಂತರೆ ಜೋಡಿ ಸರಿ ಕೂಡಿದೆ. ಎರಡನೆಯ ಸಲವೂ ಎದ್ದರೆ ಬಿಚ್ಚುವ ಹಿಡಿತ ಸಾಲದು. ಸಾಲು ತಗ್ಗಿನಲ್ಲಿ ಮೊದಲ ಎರಡು ಮೆತ್ತಗೆ, ಆಮೇಲಿನವು ಬರಬರುತ್ತ ಬಿರುಸಾಗಿ ಬಡಿದರೆ ಬಿಚ್ಚುವ ಹಿಡಿತ ಅತಿಯಾಗಿದೆ. ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳುವ ಮುಂಚೆ ಮುಂದಿನ ತಗ್ಗು ಬಂದು, ಗಾಡಿ ಕೆಳಕೆಳಗೆ ಕೂರುತ್ತ ಹೋಗುತ್ತದೆ. ಬಹಳ ಜನ ಇದನ್ನು ‘ಶಾಕಪ್ ಮೆತ್ತಗಾಯಿತು’ ಎಂದು ತಪ್ಪಾಗಿ ಓದಿ ಇನ್ನೂ ಗಟ್ಟಿಯದನ್ನು ತರುತ್ತಾರೆ. ಸೇತುವೆಯ ಅಂಚಿಗೆ ಸ್ಟೀರಿಂಗ್‌ನಲ್ಲಿ ಚುರುಕ್ಕೆಂದು ಪೆಟ್ಟು ಬಂದರೆ ಒತ್ತುವ ಹಿಡಿತ ಜಾಸ್ತಿ, ಇಲ್ಲವೇ ಟೈರಿನ ಗಾಳಿ ಜಾಸ್ತಿ. ದೊಡ್ಡ ತಗ್ಗಿಗೆ ಮಾತ್ರ ‘ಧಡ್’ ಎಂದರೆ ಬಂಪ್ ಸ್ಟಾಪಿಗೆ ತಾಗುತ್ತಿದೆ, ಸ್ಪ್ರಿಂಗ್ ಆ ಭಾರಕ್ಕೆ ಮೆತ್ತಗಾಯಿತು.

500 ಕಿ.ಮೀ. ಆದ ಮೇಲೆ ಎಲ್ಲ ಬೋಲ್ಟ್ ಮತ್ತೆ ನೋಡಿ. 1,000 ಕಿ.ಮೀ. ಆದ ಮೇಲೆ ಅದೇ ಸಪಾಟು ನೆಲದಲ್ಲಿ ನಾಲ್ಕು ಮೂಲೆಯ ಎತ್ತರ ಅಳೆದು ಮೊದಲಿನ ಅಂಕಿಯ ಪಕ್ಕದಲ್ಲೇ ಬರೆದಿಡಿ. ಹೊಸ ಸ್ಪ್ರಿಂಗ್ ಎರಡೂ ಬದಿ ಸಮನಾಗಿ ಕೆಲವು ಮಿ.ಮೀ. ಕೂರುವುದು ಸಹಜ. ಒಂದೇ ಬದಿ ಕೂತಿದ್ದರೆ ಕಾಯಿಲ್‌ನ ತುದಿ ಸೀಟಿನ ಮೆಟ್ಟಿಲಿನಿಂದ ಸರಿದಿದೆಯೇ ಎಂದು ಮೊದಲು ನೋಡಿ. ನಾನು ಆ ಹೆವಿ ಸ್ಪ್ರಿಂಗ್ ಬಿಚ್ಚಿಸಿ ಮೂಲ ರೇಟಿನದನ್ನೇ ಹಾಕಿಸಿ, ಅದಕ್ಕೆ ತಕ್ಕ ಗ್ಯಾಸ್ ಶಾಕಪ್ ಕೂರಿಸಿದೆ. ಆ ಮೊದಲ ಕಾಟಾ ಚೀಟಿ ಇನ್ನೂ ಗಾಡಿಯ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿದೆ. ಪ್ರತಿ ಕಟಾವಿನ ಮೊದಲ ಟ್ರಿಪ್ಪಿಗೆ ಮತ್ತೊಂದು ತೂಕ ಮಾಡಿಸಿ ಅದಕ್ಕೆ ಪಿನ್ನು ಹಾಕುತ್ತೇನೆ.